ಹನ್ನೊಂದೇ ಫೋಟೋದ ಮದುವೆ

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಇರುವುದು ಹನ್ನೊಂದೇ ಫೋಟೋ. ಆರು ವರ್ಷ ನನ್ನ ಸಂಸಾರದ ಮೂಲ ದುಃಖ ಇದೇ ಆಗಿತ್ತು. ನಾನು "ಆ ಆಲ್ಬಮ್ಮು..." ಎನ್ನುವಷ್ಟರಲ್ಲಿ ನನ್ನ ಹೆಂಡತಿ ಕಾಂತಾ, ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. (ಒಲೆ ಹಚ್ಚದೇ ಇದ್ದಾಗಲೂ ಸೀಯುತ್ತಿತ್ತು.) ಮನೆಯಲ್ಲಿ ಕೇಳುವವರಿಲ್ಲದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಮದುವೆಯ ದಿನ ಖಾನಾಪುರದಲ್ಲಿ, ಮಾವನವರ ಮನೆಯ ಮುಂದಿನ ಹಂದರದಲ್ಲಿ, ಫೋಟೋಗ್ರಾಫರ ಹುಸೇನಪೀರನ ಫ್ಲಾಶು ಸರಿಯಾಗಿ ಮೂವತ್ತಾರು ಸಲ ಮಿಂಚಿತ್ತು. ನಾನೇ ಎಣಿಸಿದ್ದೆ. (ಬಾಸಿಂಗದ ಮರೆಯಲ್ಲಿ ಮದುಮಗ ಏನು ಮಾಡುತ್ತಿದ್ದಾನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.) ಮೂವತ್ತಾರು ಮಿಂಚಿಗೆ ಹನ್ನೊಂದು ಫೋಟೋ! ಅದೂ ಎಂಥ ಹನ್ನೊಂದು? ಮೊದಲನೆಯ ಫೋಟೋದಲ್ಲೇ ನಮ್ಮ ತಲೆಯ ಮೇಲೆ ಅಕ್ಕಿಕಾಳು ಬಿದ್ದಾಗಿದೆ. ಬೀಗರು ಬಂದದ್ದಿಲ್ಲ, ಅರಿಷಿಣ ಹಚ್ಚಿದ್ದಿಲ್ಲ, ಹಿರಿಯರಿಗೆ ನಮಸ್ಕಾರ ಮಾಡಿದ್ದಿಲ್ಲ. ನಾವಿಬ್ಬರೂ ಆಕಾಶದಿಂದ ನೇರವಾಗಿ ಮಣೆಯ ಮೇಲೆ ಉದುರಿದ ಹಾಗೆ ಕಾಣುತ್ತೇವೆ.

ಖಾಲಿ ಫ್ಲಾಶಿನ ವಿಷಯ ನಿಮಗೆ ಗೊತ್ತಿರಬೇಕು. ಮದುವೆ ಮನೆಯಲ್ಲಿ ಎಲ್ಲರಿಗೂ ಫೋಟೋ ಬೇಕು. ಫಿಲ್ಮಿನ ರೋಲು ಮಾತ್ರ ತುಟ್ಟಿ. ಅದಕ್ಕೆ ಕೆಲವು ಫೋಟೋಗ್ರಾಫರರು ದೂರದ ನೆಂಟರ ಮುಂದೆ ಬರೀ ಬೆಳಕು ಹಾರಿಸಿ, "ಹೂಂ, ಬಂತ್ರಿ" ಎಂದು ಮುಂದೆ ಹೋಗುತ್ತಾರೆ. ನೆಂಟರು ಸಮಾಧಾನದಿಂದ ಊಟಕ್ಕೆ ಹೋಗುತ್ತಾರೆ. ಆದರೆ ಹುಸೇನಪೀರನ ವಿಷಯದಲ್ಲಿ ನನ್ನ ಸಂಶಯ ಇನ್ನೂ ಆಳವಾದದ್ದು. ಅವನ ಕ್ಯಾಮರಾದಲ್ಲಿ ರೋಲು ಇತ್ತು. ಅದನ್ನು ನಾನು ಕಣ್ಣಾರೆ ಕಂಡು ಖಾತ್ರಿ ಮಾಡಿಕೊಂಡಿದ್ದೆ. ಹಾಗಿದ್ದರೆ ಉಳಿದ ಇಪ್ಪತ್ತೈದು ಫೋಟೋ ಎಲ್ಲಿ ಹೋದವು? ನಮ್ಮ ರೋಲಿನಲ್ಲಿ ಅವನು ಮರುದಿನ ಇನ್ನೊಬ್ಬರ ಮದುವೆ ಮಾಡಿ ಮುಗಿಸಿದ್ದಾನೆ ಎಂಬುದೇ ನನ್ನ ತೀರ್ಮಾನವಾಗಿತ್ತು.

ಸಂಶಯ ಪಡುವುದು ನನ್ನ ಚಟವಲ್ಲ, ಉದ್ಯೋಗ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಕಿರಿಯ ನಿರೀಕ್ಷಕ. ನಮ್ಮ ಹಳ್ಳಿಯಲ್ಲಿ ಮೊದಲು ಬಿ.ಎ. ಪಾಸಾದವನು ನಾನೇ. ನಮ್ಮ ಅಪ್ಪ ವರ್ಷವಿಡೀ ಬೆಳೆದ ಹತ್ತಿಯನ್ನು ಬೈಲಹೊಂಗಲದ ಪೇಟೆಯಲ್ಲಿ ಕಳ್ಳ ತಕ್ಕಡಿಗೆ ಹಾಕಿ ಬರಿಗೈಯಲ್ಲಿ ಬಂದದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅದಕ್ಕೇ ಈ ನೌಕರಿಯನ್ನು ನಾನು ವ್ರತದಂತೆ ಮಾಡುತ್ತೇನೆ. ತಕ್ಕಡಿಯ ಪರಡಿಯನ್ನು, ಅಂದರೆ ತಟ್ಟೆಯನ್ನು, ಬೋರಲು ಹಾಕಿ ಕೆಳಗೆ ಅಯಸ್ಕಾಂತವಿದೆಯೇ ನೋಡುತ್ತೇನೆ. ಕಿಲೋ ಕಲ್ಲಿನ ಬುಡದಲ್ಲಿ ಸೀಸದ ಬದಲು ಅರಗು ತುಂಬಿದ್ದಾರೆಯೇ ಕೆರೆಯುತ್ತೇನೆ. ಮುಳ್ಳು ತೋರಿಸಿದ್ದನ್ನು ನಂಬುವುದಿಲ್ಲ. ಬಿಚ್ಚಿ ನೋಡಿದ್ದನ್ನು ಮಾತ್ರ ನಂಬುತ್ತೇನೆ. ಅಂಗಡಿಕಾರ "ಸಾಹೇಬ್ರ, ಅದನ್ನೊಂದು ಬಿಚ್ಚಬ್ಯಾಡ್ರಿ" ಎಂದನೆಂದರೆ ಅದನ್ನೇ ಮೊದಲು ಬಿಚ್ಚಬೇಕು. ಹತ್ತು ವರ್ಷದಲ್ಲಿ ಈ ಸೂತ್ರ ಒಮ್ಮೆಯೂ ತಪ್ಪಿಲ್ಲ. ಮೇಲಾಗಿ, ಯಾವ ವಸ್ತುವನ್ನಾದರೂ ಬಲಗೈಯಲ್ಲಿ ಎತ್ತಿದರೆ ಐವತ್ತು ಗ್ರಾಮಿನ ವ್ಯತ್ಯಾಸವನ್ನೂ ನಾನು ಹೇಳಬಲ್ಲೆ.

ಮದುವೆಯಾದ ಹೊಸದರಲ್ಲಿ ಮಾವ ದುಂಡಪ್ಪನವರ ಕಿರಾಣಿ ಅಂಗಡಿಗೆ ಹೋದಾಗ, ಅವರು ಚಹಾ ತರಿಸುವಷ್ಟರಲ್ಲಿ ನಾನು ಅವರ ತಕ್ಕಡಿಯನ್ನು ಬೋರಲು ಹಾಕಿದ್ದೆ. ಕೈ ತಾನಾಗಿಯೇ ಹೋಯಿತು. ತಕ್ಕಡಿ ಸರಿಯಾಗಿಯೇ ಇತ್ತು. ಅಂದಿನಿಂದ ಮಾವನವರು ನನ್ನನ್ನು ಕಂಡರೆ ಎರಡು ಹೆಜ್ಜೆ ಹಿಂದೆ ನಿಂತೇ ಮಾತನಾಡುತ್ತಾರೆ.

ಇನ್ನು ಈ ಕಥೆಯ ನಿಜವಾದ ಫಿರ್ಯಾದಿ ನಾನಲ್ಲ, ಬಾಳವ್ವ ಆಯಿ. ಮಾವನವರ ತಾಯಿ, ಕಾಂತಾಳನ್ನು ಎತ್ತಿ ಆಡಿಸಿ ಬೆಳೆಸಿದವರು. ಎಂಬತ್ತು ದಾಟಿದರೂ ಹುಟ್ಟಿದಂದಿನಿಂದ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ನಮ್ಮ ಮದುವೆಯ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ನತ್ತು ಇಟ್ಟುಕೊಂಡು, ಮೊಮ್ಮಗಳ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಕುಳಿತರು. ಫ್ಲಾಶು ಮಿಂಚಿತು. ಫೋಟೋ ಬರಲಿಲ್ಲ. ಆ ಮೇಲೆ ಪ್ರತಿ ಸಲ ನಾವು ಖಾನಾಪುರಕ್ಕೆ ಹೋದಾಗಲೂ ಆಯಿಯ ಮೊದಲ ಮಾತು ಒಂದೇ.

"ಗುರುಪುತ್ರಾ, ನನ್ನ ಫೋಟೋ ಬಂತೇನಪಾ?"

"ತೊಳ್ಯಾಕ ಕೊಟ್ಟಾರ ಆಯಿ. ಬರ್ತೈತಿ."

"ಆರು ವರ್ಷಾತು ತೊಳ್ಯಾಕತ್ತು! ನನ್ನ ಮಾರಿ ಅಷ್ಟ ಹೊಲಸಿತ್ತೇನೋ?"

ಎಲ್ಲರೂ ನಗುತ್ತಿದ್ದರು. ಕಾಂತಾ ಮಾತ್ರ ನಗುತ್ತಿರಲಿಲ್ಲ. ಆಯಿಯ ಒಂದು ಕಣ್ಣು ಮಂಜಾಗಿತ್ತು, ಎರಡನೆಯದು ಮಂಜಾಗುತ್ತಲಿತ್ತು. ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಕಾಂತಾ ಕಿಟಕಿಯ ಕಡೆ ಮುಖ ಮಾಡಿ ಕೂಡುತ್ತಿದ್ದಳು.

ಹೀಗಿರುವಾಗ ಎಂಬತ್ತೈದರಲ್ಲಿ ಕಾಂತಾಳ ತಂಗಿ ಮಾಯಕ್ಕನ ಮದುವೆ ನಿಶ್ಚಯವಾಯಿತು. ಮಾವನವರ ಕಾರ್ಡು ಬಂತು: ಹಂದರ ಹೇಳಿದ್ದೇವೆ, ಅಡಿಗೆಯವರನ್ನು ಹೇಳಿದ್ದೇವೆ, ಫೋಟೋಕ್ಕೆ ನಮ್ಮ ಹುಸೇನಪೀರ ಇದ್ದೇ ಇದ್ದಾನೆ. ನಮ್ಮ ಅನಗೋಳದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಆ ಕಾರ್ಡು ಓದುತ್ತಲೇ ನನ್ನ ರಕ್ತ ಕುದಿಯಿತು.

"ಹುಸೇನಪೀರ? ಮತ್ತ ಅವನ? ಈ ಸಲ ಫೋಟೋ ನಾನ ತಗೀತೀನಿ. ಸ್ವಂತ ಕ್ಯಾಮರಾ ತಗೋತೀನಿ," ಎಂದು ಘೋಷಿಸಿದೆ.

ಕಾಂತಾ ಮೆಂತ್ಯ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ನಿಮಗ ಫೋಟೋ ತಗ್ಯಾಕ ಬರ್ತೈತೇನ್ರಿ?"

"ಕಲೀತೀನಿ. ಬಿ.ಎ. ಏನ ಹುಟ್ಟತ ಕಲತಿದ್ನೇನು?"

"ನಮ್ಮಪ್ಪನ ತಕ್ಕಡಿ ಬೋರಲ ಹಾಕಿದವ್ರು ನೀವು. ಈಗ ಬೀಗರನ್ನೂ ಬೋರಲ ಹಾಕಿ ನೋಡವ್ರ."

"ವಿಷಯಾಂತರ ಮಾಡಬ್ಯಾಡ."

ಅವಳು ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿದಳು. ದನಿ ತಗ್ಗಿತು. "ನೋಡ್ರಿ, ನನಗ ಬ್ಯಾರೆ ಏನೂ ಬ್ಯಾಡ. ಆಯಿದೊಂದು ಫೋಟೋ ಬರಬೇಕು. ಆಕಿ ಕಣ್ಣಿಗಿ ಇನ್ನೂ ಸ್ವಲ್ಪ ಕಾಣತೈತಿ ಅನ್ನೂದರಾಗ ಬರಬೇಕು. ನೀವು ತಗದ್ರೂ ಅಷ್ಟ, ಹುಸೇನಪೀರಣ್ಣ ತಗದ್ರೂ ಅಷ್ಟ. ಈ ಸಲ ಬರಲಿಲ್ಲಂದ್ರ ನಾ ಖಾನಾಪುರದಿಂದ ಬಸ್ ಹತ್ತೂದಿಲ್ಲ."

"ಬರ್ತೈತಿ. ನನ್ನ ಮ್ಯಾಲ ವಿಶ್ವಾಸ ಇಡು," ಎಂದೆ. (ಪರರನ್ನು ನಂಬಬಾರದೆಂಬ ನನ್ನ ನಿಯಮ ನನಗೆ ಅನ್ವಯಿಸುವುದಿಲ್ಲ.)

ಮರುದಿನವೇ ಕ್ಯಾಮರಾ ಶೋಧನೆ ಪ್ರಾರಂಭವಾಯಿತು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ರಟ್ಟು ಹಾಕಿ, "ಛಾಯಾಗ್ರಹಣ ಸಾಮಗ್ರಿ ತಪಾಸಣೆ" ಎಂದು ಬರೆದೆ. ವಾಚನಾಲಯದಿಂದ ಒಂದು ಇಂಗ್ಲಿಷ್ ಪುಸ್ತಕ ತಂದು ದಿನಕ್ಕೆ ನಾಲ್ಕು ಪುಟದಂತೆ ಓದಿ ಟಿಪ್ಪಣಿ ಮಾಡಿಕೊಂಡೆ. ರೋಲು ಹಾಕುವ, ತೆಗೆಯುವ ಅಧ್ಯಾಯದ ಹಾಳೆಗಳನ್ನು ಮಾತ್ರ ಯಾರೋ ಕಿತ್ತುಕೊಂಡಿದ್ದರು. ಯಾರೆಂಬುದು ನನಗೆ ತಕ್ಷಣ ಹೊಳೆಯಿತು: ಫೋಟೋಗ್ರಾಫರರು. ಜನರಿಗೆ ಗುಟ್ಟು ತಿಳಿಯಬಾರದೆಂಬ ಸಂಚು.

ಖಡೇಬಜಾರದ ಮೊದಲ ಅಂಗಡಿಯಲ್ಲಿ ಮಾಲೀಕ ನನ್ನನ್ನು ಟಿ.ವಿ.ಯ ಮುಂದೆ ಕೂಡಿಸಿದ. ಅದರಲ್ಲಿ ಯಾರದೋ ಮದುವೆ ನಡೆಯುತ್ತಿತ್ತು. ದಪ್ಪಗಿನ ಒಬ್ಬ ಗೃಹಸ್ಥ ಜಿಲೇಬಿ ತಿನ್ನುತ್ತಿದ್ದ.

"ಈಗ ಫೋಟೋ ಯಾರ ತಗಸ್ತಾರ್ರಿ ಸರ್? ವಿಡಿಯೋ ಮಾಡಸ್ರಿ. ಮಂದಿ ನಡ್ಯಾಡೂದು, ನಗೂದು, ಉಣ್ಣೂದು, ಎಲ್ಲಾ ಬರ್ತೈತಿ."

"ಎಲ್ಲಾ ಅಂದ್ರ ಎಲ್ಲಾ?"

"ಎಲ್ಲಾ ಬರ್ತೈತ್ರಿ. ಆಮ್ಯಾಲ ನಾವು ಕುಂತು ಎಡಿಟಿಂಗ್ ಮಾಡ್ತೀವಿ. ಬ್ಯಾಡಾದ್ದು ತಗದು ಬೇಕಾದ್ದಷ್ಟ ಇಡ್ತೀವಿ."

ನಾನು ಪೆನ್ನು ತೆರೆದೆ. "ಬ್ಯಾಡಾದ್ದು ಯಾವುದಂತ ಯಾರು ಹೇಳಾವ್ರು?"

"ನಾವ್ರಿ."

"ನೀವು ನಮ್ಮ ಕಳ್ಳುಬಳ್ಳ್ಯಾಗಿನವರೇನು? ನಮ್ಮ ಸ್ವಾದರತ್ತಿ ಬ್ಯಾಡಂತ ನಿಮಗ ಹೆಂಗ ಗೊತ್ತಾಕ್ಕೈತಿ?"

"ಹಂಗಲ್ರಿ ಸರ್..."

"ಇರ್ಲಿ. ತಗದದ್ದು ಎಲ್ಲಿ ಹೋಗ್ತೈತಿ?"

"ಎಲ್ಲೂ ಹೋಗಂಗಿಲ್ರಿ, ಅಳಿಸಿ ಹೋಗ್ತೈತಿ. ಅದರ ಭಾರೀ ಅನುಕೂಲ ಅದ ನೋಡ್ರಿ. ಬ್ಯಾಸರಾದ್ರ ಅದ ಕ್ಯಾಸೆಟ್ಟಿನ ಮ್ಯಾಲ ಮತ್ತೊಂದು ಮದಿವಿ ತುಂಬಬಹುದು."

ನಾನು ನೋಟ್‌ಬುಕ್ ಮುಚ್ಚಿ ಎದ್ದೆ. ನಮ್ಮ ರೋಲಿನಲ್ಲಿ ಇನ್ನೊಬ್ಬರ ಮದುವೆ ಎಂಬ ಸಂಶಯದಿಂದ ಆರು ವರ್ಷ ಬೆಂದವನಿಗೆ, ಆ ಅನ್ಯಾಯವನ್ನೇ ಸೌಲಭ್ಯವೆಂದು ಮಾರುತ್ತಿದ್ದಾನಲ್ಲ! ಎರಡನೆಯ ಅಂಗಡಿಯವನು ಪುಟ್ಟದೊಂದು ಕ್ಯಾಮರಾ ಕೊಟ್ಟ. ಬಲಗೈಯಲ್ಲಿ ಎತ್ತಿದೆ. ಎರಡು ನೂರು ಗ್ರಾಮ್ ಕೂಡ ಇಲ್ಲ. ಇಷ್ಟು ಹಗುರಾದ ಪೆಟ್ಟಿಗೆಯೊಳಗೆ ಮೂವತ್ತಾರು ಜನರ ಮುಖ ಹೇಗೆ ಹಿಡಿಸಬೇಕು? ಮೂರನೆಯವನು "ಗ್ಯಾರಂಟಿ ಐತ್ರಿ" ಎಂದ. ನಾನು ಕೇಳುವ ಮೊದಲೇ ಗ್ಯಾರಂಟಿಯ ಮಾತು ಯಾಕೆ ಬಂತು? ಹೊರಗೆ ಬಂದೆ. ನಾಲ್ಕನೆಯವನು ದೂರದಿಂದ ನನ್ನನ್ನು ಕಂಡು ಬಾಗಿಲಿಗೇ ಬಂದು, "ಸಾಹೇಬ್ರ, ನಮ್ಮ ಅಂಗಡ್ಯಾಗ ತಕ್ಕಡಿ ಇಲ್ರಿ," ಎಂದು ಕೈಮುಗಿದ.

ಕೊನೆಗೆ ನೆಹರು ನಗರದಲ್ಲಿದ್ದ ಬಾಳಾಸಾಹೇಬರ ಹೆಸರು ತಿಳಿಯಿತು. ಮಿಲಿಟರಿಯಿಂದ ನಿವೃತ್ತರಾದವರು, ತಮ್ಮ ಹಳೆಯ ಕ್ಯಾಮರಾ, ಫ್ಲಾಶು, ಮೂರು ಕಾಲಿನ ಸ್ಟ್ಯಾಂಡು, ಚರ್ಮದ ಚೀಲ ಎಲ್ಲ ಮಾರುವವರಿದ್ದರು. ಇಷ್ಟು ಒಳ್ಳೆಯ ಸಾಮಾನು ಯಾಕೆ ಮಾರುತ್ತೀರಿ ಎಂದು ಕೇಳಿದೆ.

"ಅಹೋ, ಕೈ ನಡಗತಾವು," ಎಂದು ಚಹಾದ ಬಸಿ ಎತ್ತಿ ತೋರಿಸಿದರು. ಖರೇನೇ ನಡುಗಿತು. ಆದರೂ ಸಕ್ಕರೆ ಹಾಕಿಕೊಳ್ಳುವಾಗ ನಡುಗುತ್ತದೆಯೋ ಎಂದು ಇನ್ನೊಂದು ಕಪ್ ಚಹಾ ಕುಡಿಯುವವರೆಗೂ ಕುಳಿತು ನೋಡಿದೆ. ಆಗಲೂ ನಡುಗಿತು, ಅರ್ಧ ಚಮಚ ಸಕ್ಕರೆ ನನ್ನ ನೋಟ್‌ಬುಕ್ಕಿನ ಮೇಲೆ ಬಿತ್ತು.

ಕ್ಯಾಮರಾ ಎತ್ತಿದೆ. ಚೀಲ ಸಹಿತ ಒಂದು ಕಿಲೋ ಮುನ್ನೂರು. ಇದು ಕ್ಯಾಮರಾ! ಬೋರಲು ಹಾಕಿದೆ, ಅಲ್ಲಾಡಿಸಿದೆ, ಹಿಂದಿನ ಬಾಗಿಲು ತೆರೆದು ಒಳಗೆ ಅರಗು ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಸ್ಟ್ಯಾಂಡಿನ ಮೂರೂ ಕಾಲುಗಳನ್ನು ಗೇಣು ಹಾಕಿ ಅಳೆದೆ. ವ್ಯವಹಾರ ಕುದುರಿತು. ಬಾಳಾಸಾಹೇಬರು ನಡುಗುವ ಕೈಯಿಂದ ಮೊದಲ ರೋಲನ್ನು ತಾವೇ ಹಾಕಿ ಬಾಗಿಲು ಮುಚ್ಚಿದರು.

"ಒಂದ ಮಾತು ಧ್ಯಾನದಾಗ ಇಡ್ರಿ. ರೋಲ ಪೂರಾ ಮುಗದು, ಹೊಳ್ಳಿ ಸುತ್ತೂತನಕ ಈ ಹಿಂದಿನ ಬಾಗಲಾ ಬಿಲಕೂಲ ತಗೀಬಾರ್ದು. ಬೆಳಕ ಬಿತ್ತಂದ್ರ ಎಲ್ಲಾ ಹೋತು."

ಬಿಚ್ಚಬ್ಯಾಡ್ರಿ! ಹತ್ತು ವರ್ಷದಿಂದ ನನಗೆ ಪರಿಚಿತವಾದ ಮಾತು. ನಾನು ತಲೆಯಾಡಿಸಿದೆ, ಆದರೆ ಒಳಗೆ ತರ್ಕ ನಡೆದಿತ್ತು. ಫೋಟೋ ಆಗುವುದೇ ಬೆಳಕಿನಿಂದ ಎಂದು ಪುಸ್ತಕದಲ್ಲಿದೆ. ಮುಂದಿನಿಂದ ಹೋದರೆ ಫೋಟೋ ಮಾಡುವ ಬೆಳಕು, ಹಿಂದಿನಿಂದ ಹೋದರೆ ಹೇಗೆ ಕೆಡಿಸುತ್ತದೆ? ಎಲ್ಲಿಯ ನ್ಯಾಯ ಇದು? (ನಾನು ಬಿ.ಎ.ದಲ್ಲಿ ಓದಿದ್ದು ಇತಿಹಾಸ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.)

ಮದುವೆಯ ಬೆಳಿಗ್ಗೆ ನಾನು ಚೀಲ ಹೆಗಲಿಗೆ, ಸ್ಟ್ಯಾಂಡು ಕಂಕುಳಿಗೆ, ನೋಟ್‌ಬುಕ್ಕು ಕಿಸೆಗೆ ಹಾಕಿ ಹಂದರಕ್ಕೆ ಇಳಿದೆ. ನೋಡುತ್ತೇನೆ, ಹುಸೇನಪೀರ! ಬಿಳಿ ಪೈಜಾಮ, ತಲೆಗೆ ಟೊಪ್ಪಿಗೆ, ಕೊರಳಲ್ಲಿ ಕ್ಯಾಮರಾ.

"ಶರಣ್ರಿ ಅಳ್ಯಾಸಾಹೇಬ್ರ," ಎಂದ.

ನಾನು ಮಾವನವರನ್ನು ಬದಿಗೆ ಕರೆದೆ. "ಮಾವಾರ, ಫೋಟೋ ನಾ ತಗೀತೀನಿ ಅಂದಿದ್ನೆಲ್ರಿ?"

ಮಾವನವರು ವಾಡಿಕೆಯಂತೆ ಎರಡು ಹೆಜ್ಜೆ ಹಿಂದೆ ಸರಿದರು. "ನೀವ ತಗೀರಿ ಅಳ್ಯಾರ. ಅಂವಾ ಊಟಕ್ಕ ಬಂದಾನ. ನಮ್ಮ ಓಣ್ಯಾಗಿನಂವಾ, ಬಿಡಾಕಾಗೂದಿಲ್ಲ."

ಊಟಕ್ಕೆ ಬಂದವನು ಕೊರಳಿಗೆ ಕ್ಯಾಮರಾ ಯಾಕೆ ಹಾಕಿಕೊಂಡು ಬರಬೇಕು? ಅಷ್ಟೇ ಅಲ್ಲ, ನಾಷ್ಟಾ ಮಾಡುವಾಗಲೂ ತೆಗೆದಿಡಲಿಲ್ಲ. ಉಪ್ಪಿಟ್ಟು ತಿನ್ನುವಾಗ ಎಡಗೈಯಲ್ಲಿ ಅದನ್ನು ಎದೆಗೆ ಅವುಚಿಕೊಂಡಿದ್ದ. ನಾನು ಹತ್ತಿರ ಹೋದರೆ ಸಾಕು, ಮುಚ್ಚಿಕೊಳ್ಳುತ್ತಿದ್ದ. ನನ್ನ ಸಂಶಯ ಬಲವಾಯಿತು. ನೇರವಾಗಿ ಕೇಳಿಯೇ ಬಿಟ್ಟೆ.

"ಹುಸೇನಪೀರ, ಇದರಾಗ ಖರೇನ ರೋಲ ಐತೇನು?"

"ಐತ್ರಿ."

"ಹಂಗಾದ್ರ ಬಾಗಲಾ ತಗದು ತೋರಸು."

ಅವನು ಕ್ಯಾಮರಾವನ್ನು ಎರಡೂ ಕೈಯಿಂದ ತಬ್ಬಿಕೊಂಡು ಹಿಂದೆ ಸರಿದ. "ಬ್ಯಾಡ್ರಿ ಸಾಹೇಬ್ರ! ನಿಮ್ಮ ಕಾಲಿಗಿ ಬೀಳ್ತೀನಿ. ತಗದ್ರ ಹೋಗ್ತೈತ್ರಿ!"

"ಏನ ಹೋಗ್ತೈತಿ? ನಿನ್ನ ಗುಟ್ಟು ಹೋಗ್ತೈತಿ," ಎಂದು ನಕ್ಕೆ. ಅಪರಾಧ ಸಿದ್ಧವಾದಂತಾಯಿತು. ಸೇರಿದ್ದ ನಾಲ್ಕಾರು ಮಂದಿಗೆ ಕೇಳುವಂತೆ, "ನಂದು ನೋಡ್ರಿ, ಮುಚ್ಚುಮರಿ ಇಲ್ಲ," ಎಂದೆ.

ಹೌದು, ನನ್ನದರಲ್ಲಿ ಮುಚ್ಚುಮರೆ ಇರಲಿಲ್ಲ. ಕ್ಯಾಮರಾದ ಮೇಲಿನ ಮುಳ್ಳು ಒಂದು, ಎರಡು, ಮೂರು ಎಂದು ಎಣಿಕೆ ತೋರಿಸುತ್ತಿತ್ತು. ಆದರೆ ಮುಳ್ಳನ್ನು ನಂಬಿ ಮೋಸಹೋದ ಮನೆತನ ನಮ್ಮದು. ಒಳಗಿನ ರೋಲು ನಿಜಕ್ಕೂ ಸರಿಯಿತೇ? ಅದಕ್ಕೇ ಒಂದೊಂದು ಫೋಟೋ ತೆಗೆದ ಮೇಲೆಯೂ ಹಂದರದ ಮೂಲೆಗೆ ಹೋಗಿ, ಬಾಗಿಲನ್ನು ಒಂದು ಬೆರಳಷ್ಟು ತೆರೆದು, ರೋಲು ಒಂದು ಹಲ್ಲು ಮುಂದೆ ಸರಿದಿದೆ ಎಂದು ಕಣ್ಣಾರೆ ಕಂಡು, ಮುಚ್ಚಿ, ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕುತ್ತಿದ್ದೆ. ಬಾಳಾಸಾಹೇಬರ ಮಾತನ್ನು ಪೂರ್ತಿ ಮೀರಿದೆ ಎನ್ನಬೇಡಿ. ಬಿಸಿಲಿಗೆ ಬೆನ್ನು ಮಾಡಿ, ಹೆಗಲ ಟವೆಲಿನ ನೆರಳಿನಲ್ಲೇ ತೆರೆಯುತ್ತಿದ್ದೆ. ನಾನು ಅವಿವೇಕಿಯಲ್ಲ.

ಆಮೇಲೆ ಆಯಿಯನ್ನು ಕರೆತಂದರು. ಅದೇ ಇಳಕಲ್ ಸೀರೆ, ಅದೇ ನತ್ತು. ಕಾಂತಾ ಒಂದು ಪಕ್ಕ, ಮದುಮಗಳು ಮಾಯಕ್ಕ ಇನ್ನೊಂದು ಪಕ್ಕ. ಆಯಿ ಕೈ ಚಾಚಿ ಗಾಳಿಯಲ್ಲಿ ಹುಡುಕಿದರು. "ಗುರುಪುತ್ರಾ, ಎಲ್ಲಿ ಅದೀಯೋ? ಯಾಕಡೆ ನೋಡ್ಲಿ?"

"ಇಲ್ಲೇ ಆಯಿ. ನನ್ನ ದನಿ ಕಡೆ ನೋಡ್ರಿ."

ಆಯಿ ಉಸಿರು ಬಿಗಿಹಿಡಿದರು. ನಾನೂ ಹಿಡಿದೆ. ಫ್ಲಾಶು ಮಿಂಚಿತು. ನನ್ನ ಬೆನ್ನ ಹಿಂದೆ ಅದೇ ಗಳಿಗೆಗೆ ಇನ್ನೊಂದು ಮಿಂಚು ಮಿಂಚಿದಂತೆ ಅನಿಸಿತು. ತಿರುಗಿ ನೋಡಿದರೆ ಹುಸೇನಪೀರ ಮಾವನವರೊಂದಿಗೆ ಏನೋ ಮಾತನಾಡುತ್ತಿದ್ದ. ಖಾಲಿ ಬೆಳಕು ಹಾರಿಸಿ ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡೆ.

"ಬಂತೇನಪಾ?" ಎಂದರು ಆಯಿ.

"ಬಂತು ಆಯಿ!"

ಕಾಂತಾ ಆರು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕಡೆ ಮೆಚ್ಚುಗೆಯಿಂದ ನೋಡಿದಳು. ಆ ನೋಟದ ಋಣ ಸಾಮಾನ್ಯದ್ದೇ? ಆಯಿಯ ಫೋಟೋ ಎಂಬ ಕಾರಣಕ್ಕೆ ಆ ಸಲ ಬಾಗಿಲನ್ನು ಎರಡು ಬಾರಿ ತೆರೆದು ನೋಡಿದೆ.

ನಾಲ್ಕು ದಿನದ ನಂತರ ಬೆಳಗಾವಿಯ ಒಂದು ಸ್ಟುಡಿಯೋಕ್ಕೆ ರೋಲು ಒಯ್ದೆ. ಬದಲಾಯಿಸಬಾರದೆಂದು ಅದರ ಡಬ್ಬಿಯ ಮೇಲೆ ಸಹಿ ಮಾಡಿದ್ದೆ. ತೊಳೆಯುವಾಗ ನಾನೂ ಒಳಗೆ ನಿಲ್ಲುತ್ತೇನೆ ಎಂದು ಹಟ ಹಿಡಿದೆ. ಸ್ಟುಡಿಯೋದವನು ಸಭ್ಯ, "ನಿಲ್ರಿ, ಆದ್ರ ಕಡ್ಡಿ ಕೊರೀಬ್ಯಾಡ್ರಿ," ಎಂದ. ಕಗ್ಗತ್ತಲಲ್ಲಿ ಅವನ ಶರ್ಟಿನ ಚುಂಗು ಹಿಡಿದುಕೊಂಡು ನಿಂತೆ. (ಕೈ ಅತ್ತಿತ್ತ ಹೋದರೆ ಗೊತ್ತಾಗಬೇಕಲ್ಲ.) ನೀರು ಸುರಿಯುವ ಸದ್ದು, ಮೂಗಿಗೆ ಹುಳಿ ವಾಸನೆ. ಕೊನೆಗೆ ದೀಪ ಹಾಕಿ ಅವನು ಪಟ್ಟಿಯನ್ನು ಎತ್ತಿ ಹಿಡಿದ.

ಆ ತುದಿಯಿಂದ ಈ ತುದಿಯವರೆಗೆ ರೊಟ್ಟಿಯ ಹಂಚಿನ ಹಾಗೆ ಕರ್ರಗಿತ್ತು.

"ಏನ ಮಾಡಿದಿ?" ಎಂದು ಅವನ ಚುಂಗು ಜಗ್ಗಿದೆ.

"ನಾ ಏನೂ ಮಾಡಿಲ್ರಿ. ನೀವು ಹಿಂದಿನ ಬಾಗಲಾ ತಗದಿದ್ರೇನು?"

"ತಗದಿದ್ದೆ. ರೋಲ ಸರದೈತೋ ಇಲ್ಲೋ ನೋಡಾಕ."

"ಎಷ್ಟು ಸಲ?"

ನಾನು ನೋಟ್‌ಬುಕ್ ತೆಗೆದು ಸರಿ ಗುರುತುಗಳನ್ನು ಕೂಡಿಸಿ ಪ್ರಾಮಾಣಿಕವಾಗಿ ಹೇಳಿದೆ. "ಮೂವತ್ತೇಳು."

ಅವನು ನನ್ನ ಸಹಿ ಇದ್ದ ಡಬ್ಬಿಯನ್ನು ಎರಡೂ ಕೈಯಿಂದ ಗೌರವಪೂರ್ವಕ ಮರಳಿಸಿದ.

ಆ ದಿನದಿಂದ ಮನೆಯಲ್ಲಿ ಸಂಶಯದ ಖಾತೆ ಕಾಂತಾಳ ಕೈಗೆ ಹೋಯಿತು.

"ಫೋಟೋ ಯಾವಾಗ ಬರ್ತಾವ್ರಿ?"

"ತೊಳ್ಯಾಕ ಕೊಟ್ಟೇನಿ."

"ರಸೀದಿ ಎಲ್ಲೈತಿ?"

"ಅವ್ರು ರಸೀದಿ ಕೊಡೂದಿಲ್ಲ."

"ರಸೀದಿ ಇಲ್ಲದ ನೀವು ಬಿಟ್ಟ ಬಂದ್ರಿ? ನೀವು?" ಎಂದು ನನ್ನ ಮುಖವನ್ನೇ ನೋಡಿದಳು. ತಕ್ಕಡಿಯ ಪರಡಿಗೆ ನೋಡುವ ಕಣ್ಣಿದ್ದಿದ್ದರೆ ಅದು ಬೋರಲು ಬೀಳುವಾಗ ಏನು ಕಾಣುತ್ತಿತ್ತೆಂಬುದು ನನಗೆ ಅಂದು ಅರ್ಥವಾಯಿತು. ಕಾಂತಾ ಖಾನಾಪುರಕ್ಕೆ ಹೋಗಿ ಬಸ್ ಹತ್ತದೆ ಉಳಿದರೆ? ಅದಕ್ಕಿಂತ, ಆಯಿಗೆ ಏನು ಹೇಳುವುದು? ಎರಡು ವಾರ ಅನ್ನ ರುಚಿಸಲಿಲ್ಲ. ಒಂದು ಸಂಜೆ ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಾವನವರ ಕಾರ್ಡು ಬಂತು: ಐತವಾರ ಇಬ್ಬರೂ ಬರ್ರಿ, ಫೋಟೋ ಬಂದಾವು.

"ನಿಮ್ಮ ಫೋಟೋ ನಿಮಗಿಂತಾ ಮದಲ ಖಾನಾಪುರಕ್ಕ ಹೆಂಗ ಹೋದುವ್ರಿ?" ಎಂದಳು ಕಾಂತಾ.

ಬಸ್ಸಿನಲ್ಲಿ ಆ ಸಲ ಕಿಟಕಿಯ ಕಡೆ ಮುಖ ಮಾಡಿ ಕುಳಿತವನು ನಾನು.

ಮಾವನವರ ಪಡಸಾಲೆಯಲ್ಲಿ ಹುಸೇನಪೀರ ಜಮಖಾನೆಯ ಮೇಲೆ ಕುಳಿತಿದ್ದ. ಮುಂದೆ ದಪ್ಪನೆಯ ಆಲ್ಬಮ್ಮು. ಕಾಂತಾ ತೆರೆದಳು. ಮೊದಲ ಹಾಳೆಯಲ್ಲೇ ಆಯಿ! ನತ್ತಿನ ಮುತ್ತು ಕೂಡ ಎಣಿಸುವಷ್ಟು ಸ್ಪಷ್ಟ. ಎರಡೂ ಪಕ್ಕ ಮೊಮ್ಮಕ್ಕಳು. ಬಿಗಿಹಿಡಿದ ಉಸಿರಿನಿಂದ ಉಬ್ಬಿದ ಗಲ್ಲ. ಕಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹಾಳೆ ತಿರುವುತ್ತಾ ಹೋದಳು. ಹೋದಂತೆ ಅವಳ ಹುಬ್ಬು ಗಂಟಾಯಿತು. ಬೀಗರು ಬರುತ್ತಿದ್ದಾರೆ, ಹಿಂದೆ ಮೂಲೆಯಲ್ಲಿ ನಾನು ಟವೆಲಿನೊಳಗೆ ತಲೆ ತುರುಕಿ ಕ್ಯಾಮರಾದ ಬಾಗಿಲು ತೆರೆದಿದ್ದೇನೆ. ಅರಿಷಿಣ ಹಚ್ಚುತ್ತಿದ್ದಾರೆ; ಕಂಬದ ಮರೆಯಲ್ಲಿ ನಾನು, ಬಾಗಿಲು ತೆರೆದಿದೆ. ಮಾಲೆ ಬದಲಾಯಿಸುತ್ತಿದ್ದಾರೆ, ಮದುಮಗನ ಭುಜದ ಮೇಲೆ ದೂರದಲ್ಲಿ ನನ್ನ ಬಗ್ಗಿದ ಬೆನ್ನು.

"ಇಲ್ಲೇನ ಮಾಡಾಕತ್ತೀರಿ? ಇಲ್ಲಿ? ಮತ್ತ ಇಲ್ಲಿ?"

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ತಪ್ಪೊಪ್ಪಿಕೊಂಡೆ. ಆದರೆ ಸುಮ್ಮನೆ ಸೋಲುವುದು ಹೇಗೆ? ಹುಸೇನಪೀರನ ಕಡೆ ತಿರುಗಿದೆ. "ಇದು ಸರಿ. ಆರು ವರ್ಷದ ಹಿಂದ ನಮ್ಮ ಮದಿವ್ಯಾಗ ಇಪ್ಪತ್ತೈದು ಎಲ್ಲಿ ಹೋದುವು? ಅದನ್ನ ಹೇಳು."

ಹುಸೇನಪೀರ ಮಾವನವರ ಮುಖ ನೋಡಿದ. ಮಾವನವರು ಮಾಡಿನ ಕಡೆ ನೋಡಿದರು.

"ಹೇಳಬ್ಯಾಡ ಅಂದಿದ್ರಿ ಸಾವಕಾರ್ರು," ಎಂದ ಹುಸೇನಪೀರ ಮೆಲ್ಲಗೆ. "ಅವತ್ತ ಅಕ್ಕಿಕಾಳಿಗಿಂತಾ ಮದಲ, ಇಪ್ಪತ್ತೈದು ತಗದಾದ ಮ್ಯಾಲ, ಕ್ಯಾಮರಾ ಕುರ್ಚಿ ಮ್ಯಾಲ ಇಟ್ಟು ನೀರ ಕುಡ್ಯಾಕ ಹೋಗಿದ್ನಿರಿ. ಹೊಳ್ಳಿ ಬಂದು ನೋಡತೀನಿ, ಬಾಸಿಂಗ ಕಟಗೊಂಡ ಮದುಮಗ ನನ್ನ ಕ್ಯಾಮರಾ ಬೋರಲ ಹಾಕಿ, ಬಾಗಲಾ ತಗದು, ಒಳಗ ಹಣಕಿ ಹಾಕಾಕತ್ತಾನ್ರಿ. ಓಡಿ ಬಂದೆ. ಅಷ್ಟರಾಗ ಹೋಗಿತ್ರಿ."

ರೋಲು ಇದೆಯೆಂದು ಕಣ್ಣಾರೆ ಕಂಡು ಖಾತ್ರಿ ಮಾಡಿಕೊಂಡದ್ದನ್ನು ಆರು ವರ್ಷ ಸಾಕ್ಷಿಯಾಗಿ ಹೇಳಿಕೊಂಡು ತಿರುಗಿದವನು ನಾನೇ ಅಲ್ಲವೇ?

"ಹೊಸಾ ಅಳ್ಯಾ," ಎಂದರು ಮಾವನವರು ಎರಡು ಹೆಜ್ಜೆ ದೂರದಿಂದಲೇ. "ಮದಿವಿ ದಿನಾನ ಹೆಂಗ ಅನ್ನೂದು? ಸುಮ್ಮನಾದ್ವಿ. ಈ ಸಲ ಮಾತ್ರ ಹುಸೇನಪೀರಗ ಹೇಳಿದ್ದೆ: ಉಣ್ಣೂಮುಂದೂ ಕೊಳ್ಳಾಗಿನ ಕ್ಯಾಮರಾ ತಗೀಬ್ಯಾಡ, ಅಳ್ಯಾರ ಕೈಗಿ ಸಿಗಬಾರ್ದು ಅಂತ."

ಕಾಂತಾ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಆಲ್ಬಮ್ಮನ್ನು ನನ್ನ ಕೈಗೆ ಸಿಗದಷ್ಟು ದೂರ ಸರಿಸಿಟ್ಟಳು. 'ಒಲೆಯ ಮೇಲೆ ಏನೋ ಸೀಯುತ್ತಿದೆ' ಎಂದು ಎದ್ದು ಹೋಗಲು ಈ ಸಲ ನನಗೇ ಮನಸ್ಸಾಯಿತು.

ಅಷ್ಟರಲ್ಲಿ ಆಯಿ ಒಳಗಿನಿಂದ ಗೋಡೆ ಹಿಡಿದು ಬಂದರು. ಕಾಂತಾ ಫೋಟೋ ಬಿಡಿಸಿ ಅವರ ಕೈಗಿಟ್ಟಳು. ಆಯಿ ಅದನ್ನು ಬಾಗಿಲ ಬೆಳಕಿಗೆ ಒಯ್ದು, ಒಳ್ಳೆಯ ಕಣ್ಣಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು.

"ನಾನ ಅದೀನಿ," ಎಂದರು. ಆಮೇಲೆ ನಕ್ಕರು. "ಆರು ವರ್ಷ ತೊಳದದ್ದಕ್ಕ ಭಾರಿ ಸ್ವಚ್ಛ ಬಂದೈತಿ ನೋಡು. ಗುರುಪುತ್ರಾ, ನೀ ಬರ್ತೈತಿ ಅಂದಿದ್ದಿ, ಬಂತು."

ಯಾರೂ ಅವರನ್ನು ತಿದ್ದಲಿಲ್ಲ. ಹುಸೇನಪೀರನಂತೂ "ಹೌದ್ರಿ ಆಯಿ, ಅವರ ತೊಳಸ್ಯಾರು," ಎಂದುಬಿಟ್ಟ. ಹೀಗೆ ನಾನು ಸಂಶಯಪಟ್ಟ ಮನುಷ್ಯನೇ ನನಗೆ ಕೀರ್ತಿ ಕೊಟ್ಟ.

ಬೆಳಗಾವಿಗೆ ಮರಳಿದ ದಿನವೇ ಕಾಂತಾ ನನ್ನ ಕ್ಯಾಮರಾವನ್ನು ಚೀಲ ಸಹಿತ ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ತಕರಾರು ಮಾಡಲಿಲ್ಲ. ಆದರೆ ತಿಂಗಳ ನಂತರ ಒಂದು ದಿನ ಕಸ ಹೊಡೆಯಲೆಂದು ಟ್ರಂಕು ಸರಿಸಿದೆ. ಬಲಗೈಗೆ ಏನೋ ಅನಿಸಿತು. ಮತ್ತೆ ಎತ್ತಿದೆ. ಸರಿಯಾಗಿ ಒಂದು ಕಿಲೋ ಮುನ್ನೂರು ಗ್ರಾಮು ಕಡಿಮೆ. ಎರಡು ದಿನದ ಹಿಂದಷ್ಟೇ ಬಾಳಾಸಾಹೇಬರು ಪೇಟೆಯಲ್ಲಿ ನಡೆದು ಹೋಗುವಾಗ ಅವರ ಹೆಗಲಲ್ಲಿ ಪರಿಚಿತ ಚರ್ಮದ ಚೀಲವೊಂದು ತೂಗಾಡುತ್ತಿತ್ತು. ಖಾನಾಪುರದಲ್ಲಿ ಕಾಂತಾ ಕಳಿಸಿದ ದುಡ್ಡಿನಲ್ಲಿ ಆಯಿಯ ಫೋಟೋಕ್ಕೆ ಸಾಗವಾನಿಯ ಕಟ್ಟು ಬಂದಿದೆಯೆಂದೂ ಸುದ್ದಿ.

"ಕಾಂತಾ," ಎಂದೆ ಆದಷ್ಟು ಸಹಜವಾಗಿ, "ಟ್ರಂಕಿನಾಗ ಕ್ಯಾಮರಾ ಐತೆಲ್ಲ?"

"ಐತ್ರಿ."

"ಒಂದ ಸಲ ಬಾಗಲಾ ತಗದು ತೋರಸು ನೋಡೂಣು."

ಅವಳು ಮೆಂತ್ಯ ಸೊಪ್ಪಿನಿಂದ ತಲೆ ಎತ್ತಲೇ ಇಲ್ಲ.

"ಬ್ಯಾಡ್ರಿ. ತಗದ್ರ ಹೋಗ್ತೈತಿ."